ನಾಲೆ ಏರಿಯ ಮೇಲೆ ಸೈಕಲ್

ನೀರಿಗೂ ಸೈಕಲ್ಲಿಗೂ ಒಂದು ವಿಷಯದಲ್ಲಿ ಪೂರ್ಣ ಒಮ್ಮತವಿದೆ. ಎರಡಕ್ಕೂ ಏರು ಆಗದು. ನೀರು ಏರು ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತದೆ. ಸೈಕಲ್ಲಿನವನು ಇಳಿದು ತಳ್ಳುತ್ತಾನೆ. ಆದ್ದರಿಂದ ಸೈಕಲ್ ತುಳಿಯಲು ಒಳ್ಳೆಯ ದಾರಿ ಯಾವುದೆಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಒಂದೇ: ನೀರು ಹೋದ ಕಡೆ ಹೋಗಿ. ಅದರಲ್ಲೂ ಮನುಷ್ಯ ಕೈಹಿಡಿದು ನಡೆಸಿದ ನೀರು, ಅಂದರೆ ನಾಲೆಯ ನೀರು ಹೋದ ಕಡೆ.

ಕನ್ನಂಬಾಡಿಯಿಂದ ತಲಕಾಡಿನವರೆಗಿನ ಕಾವೇರಿಯ ಬಯಲು ಅಂಥ ದಾರಿಗಳ ಖಜಾನೆ. ಹೊಳೆಯ ಎರಡೂ ದಂಡೆಗಳಲ್ಲಿ ನಾಲೆಗಳು ಹರಿಯುತ್ತವೆ. ವಿರಿಜಾ ನಾಲೆ, ಚಿಕ್ಕದೇವರಾಯಸಾಗರ ನಾಲೆ, ಬಂಗಾರದೊಡ್ಡಿ ನಾಲೆ, ಇತ್ತೀಚಿನದಾದ ವಿಶ್ವೇಶ್ವರಯ್ಯ ನಾಲೆ. ಮೈಲಿಗೆ ಒಂದೆರಡು ಅಡಿಯಷ್ಟೇ ಇಳಿಯುತ್ತ, ಗುಡ್ಡ ಬಂದರೆ ಬಳಸಿ, ಹಳ್ಳ ಬಂದರೆ ದಾಟಿ, ಗದ್ದೆಗಳಿಗೆ ನೀರುಣಿಸುವ ಈ ನಾಲೆಗಳನ್ನು ತೋಡಿದವರು ಸೈಕಲ್ಲಿನ ಯೋಚನೆ ಮಾಡಿದವರಲ್ಲ. ಹಳೆಯ ನಾಲೆಗಳು ಹುಟ್ಟಿದಾಗ ಸೈಕಲ್ಲೇ ಹುಟ್ಟಿರಲಿಲ್ಲ. ಆದರೂ ಅವರು ಮಟ್ಟ ನೋಡಿ ಹಾಕಿದ ಏರಿಯ ಮೇಲೆ ಇವತ್ತು ನೀವು ಗೇರು ಬದಲಾಯಿಸದೆ ಗಂಟೆಗಟ್ಟಲೆ ತುಳಿಯಬಹುದು.

ಮೈಸೂರಿನಿಂದ ಹೊರಡುವವರಿಗೆ ಒಂದು ಎಚ್ಚರಿಕೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಶ್ರೀರಂಗಪಟ್ಟಣ ಸುಮಾರು 680. ಹದಿನೈದು ಕಿಲೋಮೀಟರಿನ ಈ ಹಾದಿಯಲ್ಲಿ ಹೋಗುವಾಗ ಸೈಕಲ್ ತಾನೇ ಓಡುತ್ತದೆ. ಆಹಾ, ನನ್ನ ಕಾಲಿನಲ್ಲಿ ಇನ್ನೂ ಎಷ್ಟು ಕಸುವಿದೆ ಎಂದು ಹಿಗ್ಗುತ್ತೀರಿ. ಮಧ್ಯಾಹ್ನ ಬಿಸಿಲಲ್ಲಿ ವಾಪಸು ಬರುವಾಗ ಆ ಹಿಗ್ಗಿನ ಲೆಕ್ಕ ಚುಕ್ತಾ ಆಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಮುಚ್ಚಿತು. ಸೈಕಲ್ಲಿಗೂ ಅಲ್ಲಿ ಪ್ರವೇಶವಿಲ್ಲ. ಇದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ಅಲ್ಲಿ ನೋಡುವುದಕ್ಕಾದರೂ ಏನಿದೆ?

ಮೊದಲ ಸವಾರಿಗೆ ಶ್ರೀರಂಗಪಟ್ಟಣದ ದ್ವೀಪವೇ ಸಾಕು. ಕೋಟೆಯಿಂದ ಹೊರಟು ದರಿಯಾ ದೌಲತ್, ಗಂಜಾಂ, ಗುಂಬಜ್ ನೋಡಿಕೊಂಡು, ಕಾವೇರಿಯ ಎರಡು ಕವಲು ಮತ್ತೆ ಕೂಡುವ ಸಂಗಮದವರೆಗೆ ಹೋಗಿ ಬರಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗುವಷ್ಟು ಹತ್ತಿರ. ಹೊಳೆಯ ಉತ್ತರದ ಕವಲಿಗೆ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ 1804ರದ್ದು. ಸಾಲಾಗಿ ನಿಂತ ಅದರ ಕಲ್ಲುಕಂಬಗಳನ್ನು ದಡದಲ್ಲಿ ನಿಂತು ನೋಡಬೇಕು. ಇಷ್ಟಕ್ಕೆ ಒಂದು ಬೆಳಗ್ಗೆ ಧಾರಾಳ.

ಎರಡನೆಯದು ಹೊಳೆಯ ಬಲದಂಡೆಯಲ್ಲಿ ಮೇಲಕ್ಕೆ ಹೋಗುವ ದಾರಿ. ರಂಗನತಿಟ್ಟು, ಪಾಲಹಳ್ಳಿ, ಬೆಳಗೊಳ, ಬಲಮುರಿ, ಕೊನೆಗೆ ಕನ್ನಂಬಾಡಿ. ಇಲ್ಲಿ ವಿರಿಜಾ ನಾಲೆ ನಿಮ್ಮ ಜೊತೆಗಾರ. ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಹಕ್ಕಿಗಳನ್ನು ನೋಡುವಾಗ ಒಂದು ಮಾತು ನೆನಪಿಡಿ. ಆ ನಡುಗಡ್ಡೆಗಳು ತಾವಾಗಿ ಆದವಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದ್ದರಿಂದ ಆದವು. ಗದ್ದೆಗೆಂದು ತಡೆದ ನೀರಿನಲ್ಲಿ ಕೊಕ್ಕರೆಗಳು ಮನೆ ಮಾಡಿದವು. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಬಲಮುರಿಯಲ್ಲಿ ಒಡ್ಡಿನ ಮೇಲಿಂದ ನೀರು ತೆಳ್ಳಗೆ ಜಾರುವುದನ್ನು ನೋಡಿ ಕಾಲು ಇಳಿಬಿಡುವ ಆಸೆಯಾಗುತ್ತದೆ. ಕಾಲಿನಲ್ಲೇ ನಿಲ್ಲಿಸಿ. ಅಲ್ಲಿಯ ಸುಳಿಗೆ ಈಜು ಬಲ್ಲವರೂ ಸಿಕ್ಕಿದ್ದಾರೆ.

ಮೂರನೆಯದು ಕಾಲು ಪಳಗಿದವರಿಗೆ. ಶ್ರೀರಂಗಪಟ್ಟಣದಿಂದ ಕರಿಘಟ್ಟದ ಮಗ್ಗುಲಲ್ಲಿ ಹಾದು, ಅರಕೆರೆ, ಬನ್ನೂರು, ಸೋಮನಾಥಪುರ, ತಿರುಮಕೂಡಲು ನರಸೀಪುರದ ಮೇಲೆ ತಲಕಾಡು. ಒಟ್ಟು ಆಸುಪಾಸು 60 ಕಿಲೋಮೀಟರ್. ಹೊಳೆ ಇಳಿದಂತೆ ನೀವೂ ಇಳಿಯುತ್ತೀರಿ. ಬತ್ತದ ಗದ್ದೆ ಮುಗಿದರೆ ಕಬ್ಬು, ಕಬ್ಬು ಮುಗಿದರೆ ತೆಂಗು. ಚಳಿಗಾಲವಾದರೆ ಆಲೆಮನೆಯ ಹೊಗೆ ಕಾಣುವ ಮೊದಲೇ ಬೆಲ್ಲದ ವಾಸನೆ ಮೂಗಿಗೆ ಬರುತ್ತದೆ. ನಿಂತು ಮಾತಾಡಿಸಿದರೆ ಒಂದು ಲೋಟ ಕಬ್ಬಿನ ಹಾಲು ಸಿಕ್ಕೀತು. ಬೇಡವೆನ್ನಬೇಡಿ. ಸೋಮನಾಥಪುರದ ಹದಿಮೂರನೆಯ ಶತಮಾನದ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ತಲಕಾಡಿನ ಮರಳು ಬಂದ ಮೇಲೆ ಸೈಕಲ್ಲನ್ನು ತಳ್ಳಲೇಬೇಕು. ಅಲ್ಲಿ ತುಳಿಯುತ್ತೇನೆಂದು ಹಟ ಹಿಡಿದವರ ಚೈನು ಮರಳು ತಿಂದು ಕಿರುಗುಟ್ಟುತ್ತದೆ.

ಕಾಲ ನೋಡಿ ಹೊರಡಬೇಕು. ನವೆಂಬರಿನಿಂದ ಫೆಬ್ರವರಿ ಸೊಗಸು. ಆದರೆ ಸುಗ್ಗಿಯೂ ಆಗಲೇ. ಡಾಂಬರು ರಸ್ತೆ ಬಂದ ಮೇಲೆ ನಮ್ಮವರಿಗೆ ಕಣ ಮಾಡುವ ಕಷ್ಟ ತಪ್ಪಿತು. ರಾಗಿ, ಹುರುಳಿಯನ್ನು ರಸ್ತೆಗೇ ಹರಡುತ್ತಾರೆ, ಹೋಗಿ ಬರುವ ಲಾರಿ ಬಸ್ಸುಗಳೇ ಒಕ್ಕಣೆ ಮಾಡುತ್ತವೆ. ಹುರುಳಿ ಗಿಡದ ಮೇಲೆ ಸೈಕಲ್ ಬಿಟ್ಟಿರೋ, ಬಳ್ಳಿ ಚೈನಿಗೆ ಸುತ್ತಿಕೊಂಡು ನಿಮ್ಮನ್ನೂ ಒಕ್ಕುತ್ತದೆ. ಇಳಿದು ತಳ್ಳಿ. ಕಬ್ಬಿನ ಟ್ರಾಕ್ಟರ್ ಎದುರಾದರೆ ರಸ್ತೆಯನ್ನು ಅದಕ್ಕೇ ಬಿಟ್ಟುಕೊಡಿ. ಪಂಕ್ಚರ್ ಸಾಮಾನು ಜೊತೆಗಿರಲಿ. ಮುಂದಿನ ಊರಿನಲ್ಲಿ ಸೈಕಲ್ ಷಾಪು ಇದ್ದೇ ಇರುತ್ತದೆಂಬ ಕಾಲ ಹೋಯಿತು. ಮೊದಲು ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ಈಗ ಮೊಬೈಲಿಗೆ ಕರೆನ್ಸಿ ಹಾಕುತ್ತಿವೆ.

ಈ ದಾರಿಗಳಲ್ಲಿ ಹೆಲ್ಮೆಟ್ ತೊಟ್ಟು, ಬಣ್ಣದ ಬನಿಯನ್ ಹಾಕಿ ಬರುವವರು ಭಾನುವಾರದ ನೆಂಟರು. ಉಳಿದ ಆರು ದಿನದ ಸೈಕಲ್ಲು ಬೇರೆಯವರದು. ಕ್ಯಾರಿಯರಿನ ಮೇಲೆ ಹಸೀ ಹುಲ್ಲಿನ ಹೊರೆ ಕಟ್ಟಿಕೊಂಡು ಬರುವ ಅಜ್ಜ, ಹ್ಯಾಂಡಲ್ಲಿಗೆ ಹಾಲಿನ ಕ್ಯಾನು ತಗುಲಿಸಿಕೊಂಡು ಡೇರಿಗೆ ಹೋಗುವವರು, ತೂಬು ನೋಡಲು ಹೊರಟ ನೀರಗಂಟಿ, ಇಬ್ಬಿಬ್ಬರಾಗಿ ಮಾತಾಡಿಕೊಂಡು ಹೈಸ್ಕೂಲಿಗೆ ಹೋಗುವ ಹುಡುಗಿಯರು. ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ಎಷ್ಟೋ ಹುಡುಗಿಯರಿಗೆ ಪಕ್ಕದೂರಿನ ಶಾಲೆ ಹತ್ತಿರವಾಯಿತು. ಬಸ್ಸು ಬರಲಿಲ್ಲವೆಂದು ಓದು ನಿಲ್ಲಿಸಬೇಕಾಗಲಿಲ್ಲ. ನಮಗೆ ಏರಿಯ ರಸ್ತೆ ವಿಹಾರ. ಅವರಿಗೆ ಅದು ಶಾಲೆಯ ದಾರಿ.

ಆ ದಾರಿಗೆ ಒಂದು ಮಗ್ಗುಲಲ್ಲಿ ಗದ್ದೆ, ಇನ್ನೊಂದು ಮಗ್ಗುಲಲ್ಲಿ ತುಂಬಿ ಹರಿಯುವ ನಾಲೆ. ನಡುವೆ ಎಷ್ಟೋ ಕಡೆ ಏನೂ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. 30 ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ನಂತರವೂ ಮಂಡ್ಯ ಜಿಲ್ಲೆಯಲ್ಲಿ ಕಾರುಗಳು ನಾಲೆಗೆ ಬಿದ್ದ ಸುದ್ದಿ ಬಂದಿದೆ. ಪ್ರತಿ ಸಲವೂ ತಡೆಗೋಡೆಯ ಮಾತು ಬರುತ್ತದೆ. ಕೆಲವು ಕಡೆ ಗೋಡೆಯೂ ಬಂದಿದೆ. ಗೋಡೆ ಮುಗಿದಲ್ಲಿ ನಾಲೆ ಮುಗಿಯುವುದಿಲ್ಲ ಎಂಬುದೇ ತೊಂದರೆ. ಬಸ್ಸು ಬಿದ್ದರೆ ಪತ್ರಿಕೆಯಲ್ಲಿ ಬರುತ್ತದೆ. ಎದುರಿನ ಲಾರಿಗೆ ದಾರಿ ಬಿಡಲು ಅಂಚಿಗೆ ಸರಿದ ಸೈಕಲ್ಲು ಜಾರಿದರೆ ಊರಿನವರಿಗಷ್ಟೇ ಗೊತ್ತಾಗುತ್ತದೆ. ಒಳಮೈಗೆ ಕಾಂಕ್ರೀಟ್ ಹಾಕಿದ ನಾಲೆಯಲ್ಲಿ ಬಿದ್ದವರಿಗೆ ಹಿಡಿದು ಮೇಲೇರಲು ಒಂದು ಬೇರೂ ಸಿಗುವುದಿಲ್ಲ.

ಸೈಕಲ್ ಪ್ರವಾಸೋದ್ಯಮ ಬೆಳೆಸಬೇಕೆಂದು ಮಾತಾಡುವವರು ಹೊಸ ಪಥ, ಬಣ್ಣದ ಫಲಕ, ಸ್ವಾಗತ ಕಮಾನುಗಳನ್ನು ಯೋಚಿಸುತ್ತಾರೆ. ಕಾವೇರಿಯ ಬಯಲಿಗೆ ಅದಾವುದೂ ಬೇಡ. ಪಥವನ್ನು ಹಿಂದಿನವರು ಹಾಕಿಕೊಟ್ಟಿದ್ದಾರೆ, ಮಟ್ಟವನ್ನು ನೀರೇ ಕಾಯುತ್ತಿದೆ. ಬೇಕಾದದ್ದು ನಾಲೆಯ ಕಡೆಗೆ ಮೊಳಕಾಲೆತ್ತರದ್ದಲ್ಲ, ಸೈಕಲ್ ಮೇಲೆ ಕೂತವರ ಸೊಂಟ ತಡೆಯುವಷ್ಟು ಎತ್ತರದ ಒಂದು ಗೋಡೆ, ತಿರುವುಗಳಲ್ಲಿ ಒಂದು ದೀಪ, ಅಲ್ಲಲ್ಲಿ ನೀರಿಗೆ ಇಳಿಯುವ ಮತ್ತು ನೀರಿನಿಂದ ಹತ್ತುವ ಮೆಟ್ಟಿಲು. ಇದರಿಂದ ಭಾನುವಾರದ ನೆಂಟರಿಗೆ ಸುಖ. ಸೋಮವಾರ ಬೆಳಗ್ಗೆ ಎಂಟೂವರೆಗೆ ಚೀಲ ಬೆನ್ನಿಗೇರಿಸಿ ಹೊರಡುವ ಹುಡುಗಿಯ ಅವ್ವನಿಗೆ ನೆಮ್ಮದಿ.

ನೀವು ಈ ದಾರಿಯಲ್ಲಿ ಹೋದರೆ ಗದ್ದೆಯ ಕಡೆಯನ್ನೇ ಹಿಡಿಯಿರಿ. ಎದುರಿಗೆ ಶಾಲೆಯ ಮಕ್ಕಳು ಬಂದರೆ ಆ ಕಡೆಯನ್ನು ಅವರಿಗೆ ಬಿಟ್ಟು, ನೀವು ಕಾಲೂರಿ ನಿಲ್ಲಿ. ಒಂದು ನಿಮಿಷ ತಡವಾದೀತು. ತಲಕಾಡು ಸಾವಿರ ವರ್ಷಕ್ಕೂ ಮಿಕ್ಕಿ ಅಲ್ಲೇ ಇದೆ, ಎಲ್ಲಿಗೂ ಹೋಗುವುದಿಲ್ಲ.