ಮುದ್ದಣನ ಮರೆಯೂ ಇಂದಿನ ಮುಖವಾಡವೂ

ಹೆತ್ತವರಿಟ್ಟ ಹೆಸರು ಸಾಲದೆಂದು ಮತ್ತೊಂದನ್ನು ತಾನೇ ಇಟ್ಟುಕೊಳ್ಳುವುದು ಮನುಷ್ಯನ ಹಳೆಯ ಹವ್ಯಾಸ. ಇಂದಿನ ತರುಣರು ಮೊಬೈಲ್ ಫೋನಿನಲ್ಲಿ ನಾಲ್ಕಾರು ಹೆಸರುಗಳನ್ನು ತಳೆದು ಹರಟುತ್ತಾರೆ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಪದಗಳನ್ನು ಮುರಿದು ಕಟ್ಟಿ ನಗುತ್ತಾರೆ. ಇದರಿಂದ ಭಾಷೆ ಕೆಟ್ಟಿತೆಂದು ಹಲುಬುವ ಹಿರಿಯರುಂಟು. ಅವರೊಡನೆ ನಾನು ದನಿಗೂಡಿಸಲಾರೆ.

ಭಾಷೆಯೊಡನೆ ಆಡುವುದು ಅಪರಾಧವೆಂದರೆ ನಮ್ಮ ಸಾಹಿತ್ಯದ ಬಹುಭಾಗವನ್ನು ತೊರೆಯಬೇಕಾದೀತು. ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಚಂಪೂಕವಿಗಳ ಶ್ಲೇಷೆ, ಹಳ್ಳಿಯ ಒಗಟು ಎಲ್ಲದರಲ್ಲಿಯೂ ಆಟವಿದೆ. ಹೆಸರಿನ ಮಾತೂ ಹಾಗೆಯೇ. ಬೇಂದ್ರೆಯವರು ಅಂಬಿಕಾತನಯದತ್ತರಾದರು, ಮಾಸ್ತಿಯವರು ಶ್ರೀನಿವಾಸರಾದರು, ಗೋಕಾಕರು ವಿನಾಯಕರಾದರು.

ಎಲ್ಲಕ್ಕಿಂತ ಸೋಜಿಗದ ನಿದರ್ಶನ ಮುದ್ದಣನದು. 1870ರಲ್ಲಿ ನಂದಳಿಕೆಯಲ್ಲಿ ಜನಿಸಿ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದು, 1901ರಲ್ಲಿ, ಕೇವಲ 31ರ ವಯಸ್ಸಿನಲ್ಲಿ ಕ್ಷಯಕ್ಕೆ ತುತ್ತಾದ ಲಕ್ಷ್ಮೀನಾರಣಪ್ಪನವರೇ ಈ ಮುದ್ದಣ. ಹಳಗನ್ನಡದಲ್ಲಿ ‘ಶ್ರೀರಾಮಾಶ್ವಮೇಧಂ’ ರಚಿಸಿ, ಅದು ಪ್ರಾಚೀನ ಕೃತಿಯೆಂದೇ ಹೇಳಿ ಮೈಸೂರಿನ ವಿದ್ವಾಂಸರಿಗೆ ಕಳುಹಿದರು. ಹಳತಕ್ಕೆ ಮಾತ್ರ ಮನ್ನಣೆಯಿದ್ದ ಕಾಲದಲ್ಲಿ ಬಡ ಶಿಕ್ಷಕನೊಬ್ಬನ ಬರಹವನ್ನು ಯಾರು ಕಣ್ಣೆತ್ತಿ ನೋಡುತ್ತಿದ್ದರು? ಭಾಷೆಯೂ ವೇಷ, ಹೆಸರೂ ವೇಷ. ಆದರೂ ಆ ವೇಷದೊಳಗೆ ಮುದ್ದಣ ಮನೋರಮೆಯರ ಸರಸ ಸಂವಾದವು ಹೊಸಗಾಲದ ಉಸಿರನ್ನೇ ಆಡಿತು.

ಇಲ್ಲಿ ವಿಚಾರಿಸಬೇಕಾದುದೊಂದಿದೆ. ಮುದ್ದಣನ ಮರೆಯಿಂದ ಯಾರ ಮಾನವೂ ಹೋಗಲಿಲ್ಲ. ಕೀರ್ತಿಯನ್ನು ಕಳೆದುಕೊಂಡವನು ಸ್ವತಃ ಕವಿಯೇ. ಹನ್ನೆರಡನೆಯ ಶತಮಾನದ ಶರಣರ ಅಂಕಿತವನ್ನೂ ನೆನೆಯಿರಿ. ಬಸವಣ್ಣನವರ ಕೂಡಲಸಂಗಮದೇವ, ಅಕ್ಕನ ಚೆನ್ನಮಲ್ಲಿಕಾರ್ಜುನ, ಇವು ಆಡಿದ ಮಾತಿಗೆ ಇಷ್ಟದೈವವನ್ನೇ ಸಾಕ್ಷಿಯಾಗಿ ನಿಲ್ಲಿಸುವ ಮುದ್ರೆಗಳು. ಸಾಕ್ಷಿಯಿದ್ದಲ್ಲಿ ನಾಲಗೆ ಸಡಿಲವಾಗದು.

ಇಂದಿನ ಅನೇಕ ಕಳ್ಳಹೆಸರುಗಳ ಉದ್ದೇಶವಾದರೋ ಸಾಕ್ಷಿಯನ್ನು ತಪ್ಪಿಸಿಕೊಳ್ಳುವುದು. ಸಹಪಾಠಿಯ ರೂಪವನ್ನು, ಜಾತಿಯನ್ನು, ಮನೆಯ ಬಡತನವನ್ನು ಹೀಯಾಳಿಸಿ ಬರೆದವನು ಮರುದಿನ ಅವಳೆದುರಿಗೇ ಏನೂ ಅರಿಯದವನಂತೆ ಕುಳಿತಿರಬಲ್ಲನು. ನೊಂದವಳಿಗೋ ತರಗತಿಯ ಪ್ರತಿಯೊಂದು ಮುಖವೂ ಶಂಕೆಗೆ ಆಸ್ಪದವಾಗುತ್ತದೆ. ಆಟವೆಂದು ಕರೆದ ಮಾತ್ರಕ್ಕೆ ಇದು ಆಟವಾಗುವುದಿಲ್ಲ. ಆಟದಲ್ಲಿ ಇಬ್ಬರೂ ಆಡಬೇಕು.

ಹಾಗಾದರೆ ಎಲ್ಲ ಮರೆಹೆಸರುಗಳನ್ನೂ ನಿಷೇಧಿಸೋಣವೆನ್ನುವವರಿದ್ದಾರೆ. ಅದೂ ಅವಿವೇಕ. ಬಲಿಷ್ಠನ ಅನ್ಯಾಯವನ್ನು ಬಯಲಿಗೆಳೆಯುವ ದುರ್ಬಲನಿಗೆ, ಮನೆಯಲ್ಲಿ ಬಾಯಿಬಿಡಲಾಗದ ಸಂಕಟವನ್ನು ಹೇಳಿಕೊಳ್ಳುವ ಹೆಣ್ಣುಮಗಳಿಗೆ ಮರೆಯು ಆಸರೆಯಾಗಿದೆ. ಆದುದರಿಂದ ಮರೆಯ ಗುಣದೋಷವನ್ನು ನಿರ್ಣಯಿಸುವಾಗ ಅದು ಯಾರನ್ನು ಕಾಯುತ್ತದೆ, ಯಾರನ್ನು ನೋಯಿಸುತ್ತದೆ ಎಂಬುದನ್ನೇ ಒರೆಗಲ್ಲಾಗಿಸಿಕೊಳ್ಳಬೇಕು.

ವಿದ್ಯಾರ್ಥಿಗಳೇ, ಪದಗಳೊಡನೆ ಧಾರಾಳವಾಗಿ ಆಡಿರಿ. ಕನ್ನಡ ಅದರಿಂದ ಸವೆಯದು. ಬೇಕೆನಿಸಿದರೆ ಹೊಸ ಹೆಸರನ್ನೂ ತಳೆಯಿರಿ. ಆದರೆ ಬರೆದುದನ್ನು ಕಳುಹುವ ಮುನ್ನ ಅದರ ಕೆಳಗೆ ಹೆತ್ತವರಿಟ್ಟ ಹೆಸರನ್ನು ಮನಸ್ಸಿನಲ್ಲಿಯೇ ಒಮ್ಮೆ ಬರೆದು ನೋಡಿರಿ. ಕೈ ಹಿಂಜರಿದರೆ, ಹಿಂಜರಿಕೆ ದಂಡನೆಯ ಭಯದಿಂದಲೋ ನಾಚಿಕೆಯಿಂದಲೋ ಎಂದು ಕೇಳಿಕೊಳ್ಳಿರಿ. ನಾಚಿಕೆಯಿಂದಾದರೆ ಆ ಮಾತನ್ನು ಅಳಿಸಿಬಿಡುವುದೇ ಲೇಸು.