ಪರದೇಶದ ಓಣಿಯಲ್ಲಿ ಯಶವಂತಪುರದ ನೆಂಟ

ಇಂಗ್ಲೆಂಡಿನ ನಡುನಾಡಿನ ಒಂದು ಸಣ್ಣ ಪಟ್ಟಣದಲ್ಲಿ, ಶತಮಾನಗಳಷ್ಟು ಹಳೆಯದಾದ ಚರ್ಚಿನ ಶಿಲ್ಪಕೌಶಲವನ್ನು ತೋರಿಸಬೇಕೆಂದು ಮಗಳೂ ಅಳಿಯಂದಿರೂ ನಮ್ಮಿಬ್ಬರನ್ನು ಕರೆದೊಯ್ಯುತ್ತಿದ್ದ ಒಂದು ಭಾನುವಾರದ ಬೆಳಗ್ಗೆ, ಕಲ್ಲುಹಾಸಿನ ಓಣಿಯ ತಿರುವಿನಲ್ಲಿ ಹೂಕುಂಡಗಳ ಮಗ್ಗುಲಿಗೆ ನಿಂತಿದ್ದ ತಿಳಿನೀಲಿಯ ಪುಟ್ಟ ಕಾರೊಂದನ್ನು ಕಂಡು ನನ್ನ ಕಾಲು ತಾನಾಗಿಯೇ ತಡೆಯಿತು. ಎರಡೇ ಬಾಗಿಲು, ಬೆಂಕಿಪೆಟ್ಟಿಗೆಯಂತೆ ಮೂಲೆಮೂಲೆಯಾದ ಆಕಾರ, ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಿದರೆ ತಗಡಿನಂತೆ ‘ಟಣ್’ ಎನ್ನದೆ, ಹಿತ್ತಿಲಿನ ನೀರಿನ ಡ್ರಮ್ಮಿನಂತೆ ‘ಡಬ್’ ಎನ್ನುವ ಮೈ. ಹತ್ತು ಹೆಜ್ಜೆ ಮುಂದೆ ಹೋಗಿದ್ದ ನನ್ನ ಮನೆಯಾಕೆ ಹಿಂತಿರುಗಿ ನೋಡಿ, ‘ಏನೂಂದ್ರೆ, ಊರಿನ ನೆಂಟರು ಸಿಕ್ಕಿದ ಹಾಗೆ ನಿಂತುಬಿಟ್ಟಿರಲ್ಲ, ಬನ್ನಿ’ ಎಂದಳು. ಆಕೆ ಪರಿಹಾಸಕ್ಕೆಂದು ಆಡಿದ ಮಾತು ಅಕ್ಷರಶಃ ಸತ್ಯವಾಗಿತ್ತು.

ಆ ಕಾರಿನ ಹೆಸರು ರಿಲಯಂಟ್ ಕಿಟನ್. ಟ್ಯಾಮ್‌ವರ್ತ್ ಎಂಬ ಊರಿನ ರಿಲಯಂಟ್ ಕಂಪನಿಯವರು 1975ರಿಂದ 1982ರವರೆಗೆ, ಫೈಬರ್‌ಗ್ಲಾಸಿನ ಮೈಯನ್ನೂ 848 ಸಿಸಿಯ ಅಲ್ಯೂಮಿನಿಯಮ್ ಇಂಜಿನನ್ನೂ ಕೂಡಿಸಿ ಅದನ್ನು ನಿರ್ಮಿಸಿದರು. ಅಲ್ಲಿ ಅದರ ಆಯುಷ್ಯ ಮುಗಿಯುತ್ತಿದ್ದ ಹೊತ್ತಿಗೇ, ಅದನ್ನು ತಯಾರಿಸುವ ಹಕ್ಕನ್ನು ಪಡೆದು, ನಮ್ಮ ತುಮಕೂರು ರಸ್ತೆಯ ಯಶವಂತಪುರದ ಕೈಗಾರಿಕಾ ಬಡಾವಣೆಯಲ್ಲಿ ಸಿಪಾನಿ ಸಂಸ್ಥೆಯವರು ಅದಕ್ಕೆ ಎರಡನೆಯ ಜನ್ಮವನ್ನು ಕೊಟ್ಟರು. ಅಲ್ಲಿ ಬೆಕ್ಕಿನ ಮರಿ ಎಂಬರ್ಥದ ನಾಮಧೇಯವನ್ನು ಧರಿಸಿದ್ದುದು, ಸಮುದ್ರವಿರಲಿ ಒಂದು ನದಿಯೂ ಹರಿಯದ ಯಶವಂತಪುರದಲ್ಲಿ ‘ಡಾಲ್ಫಿನ್’ ಎಂದಾಯಿತು. ಅದಕ್ಕೂ ಮುಂಚೆ, ಎಪ್ಪತ್ತರ ದಶಕದಲ್ಲಿ, ಅದೇ ಉದ್ಯಮಿಗಳು ಮುಂದೆ ಒಂದೇ ಚಕ್ರವುಳ್ಳ ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನೂ ಹೊರತಂದಿದ್ದರು. ಮೋಡ ಎಂಬರ್ಥದ ಆ ಹೆಸರಿನ ಬಂಡಿಯನ್ನು ಕಣ್ಣಾರೆ ಕಂಡವರು ಈಗ ಬೆಂಗಳೂರಿನಲ್ಲಿ ಬಹಳ ಜನ ಉಳಿದಿಲ್ಲ.

ನಮ್ಮ ಆರ್‌.ಟಿ. ನಗರದ ಬೀದಿಯಲ್ಲಿ ಒಂದು ಡಾಲ್ಫಿನ್ ಇತ್ತು. ಎದುರುಮನೆಯ ನಿವೃತ್ತ ಉಪಾಧ್ಯಾಯರು ಭವಿಷ್ಯನಿಧಿಯ ಹಣದಲ್ಲಿ ಕೊಂಡಿದ್ದ ಆ ಕಾರಿನ ಬಾಗಿಲನ್ನು ಎಷ್ಟು ಮೃದುವಾಗಿ ಹಾಕಿದರೂ ಅಡುಗೆಮನೆಯ ಡಬ್ಬಿಯ ಮುಚ್ಚಳ ಬಿದ್ದಂತೆ ಸದ್ದಾಗುತ್ತಿತ್ತು. ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲವೆಂಬ ಹೆಮ್ಮೆಯೇನೋ ಅವರಿಗಿತ್ತು, ಆದರೆ ಮಠದಹಳ್ಳಿಯ ಕಡೆಯಿಂದ ಬಂದ ಒಂದು ಎತ್ತಿನ ಗಾಡಿಯ ಮೂಕಿ ತಾಗಿ ಅದರ ಹಿಂಭಾಗ ತೆಂಗಿನ ಚಿಪ್ಪಿನಂತೆ ಸೀಳಿದಾಗ, ಟಿಂಕರಿಂಗ್ ಬಲ್ಲ ಗ್ಯಾರೇಜಿನವರೊಬ್ಬರೂ ಅದನ್ನು ಮುಟ್ಟಲು ಒಪ್ಪಲಿಲ್ಲ. ಕೊನೆಗೆ ನೀರಿನ ಟ್ಯಾಂಕಿಗೆ ತೇಪೆ ಹಾಕುವವನೊಬ್ಬನು ಫೈಬರ್ ಬಟ್ಟೆಯನ್ನು ರಾಳದಲ್ಲಿ ಅದ್ದಿ, ಪದರದ ಮೇಲೆ ಪದರ ಹಚ್ಚಿ, ಮೂರು ದಿನ ಬಿಸಿಲಿಗೆ ಒಣಗಿಸಿ ಸರಿಮಾಡಿದನು. ಮೈ ಹಗುರವಾದ್ದರಿಂದಲೇ ಆ ಕಾಲದ ರ‍್ಯಾಲಿಗಳಲ್ಲಿಯೂ ಮದರಾಸಿನ ಬಳಿಯ ಶೋಲಾವರದ ಪಂದ್ಯಗಳಲ್ಲಿಯೂ ಡಾಲ್ಫಿನ್ ತನಗಿಂತ ಭಾರಿಯಾದ ಬಂಡಿಗಳನ್ನು ಹಿಂದೆ ಹಾಕಿ ಓಡಿದ್ದುಂಟು. ಆದರೆ ಮನೆಮಂದಿಯನ್ನು ಕೂರಿಸಿಕೊಂಡು ಮದುವೆಗೆ ಹೊರಡುವ ಗೃಹಸ್ಥನಿಗೆ ಪಂದ್ಯದಿಂದ ಆಗಬೇಕಾದ್ದೇನು? 1983ರ ಡಿಸೆಂಬರಿನಲ್ಲಿ ಹಿಂದಿನ ಸೀಟಿಗೂ ಬಾಗಿಲುಗಳಿದ್ದ ಮಾರುತಿ 800 ಬಂದಿತು. ಮುಂದಿನ ಸೀಟನ್ನು ಮಡಿಸಿ, ರೇಷ್ಮೆ ಸೀರೆಯ ನೆರಿಗೆಯನ್ನು ಸಂಭಾಳಿಸಿಕೊಂಡು ಹಿಂದಕ್ಕೆ ನುಸುಳಬೇಕಾದ ಕಾರಿನ ಕಥೆ ಅಲ್ಲಿಗೆ ಮುಗಿದಂತೆಯೇ ಆಯಿತು. ಮುಂದೆ ನಾಲ್ಕು ಬಾಗಿಲುಗಳ ‘ಮೊಂಟಾನಾ’ ಬಂದಿತಾದರೂ ಅಷ್ಟರಲ್ಲಿ ಸಮಯ ಮೀರಿತ್ತು.

ಇದೆಲ್ಲವೂ ಆ ಓಣಿಯಲ್ಲಿ ನಿಂತ ಅರೆಗಳಿಗೆಯಲ್ಲಿ ನನ್ನ ಕಣ್ಮುಂದೆ ಹಾದುಹೋಯಿತು. ಅಷ್ಟರಲ್ಲಿ ಹೂವಿಗೆ ನೀರೆರೆಯಲು ಹೊರಬಂದ ವೃದ್ಧನು ನನ್ನನ್ನು ಮೊದಲು ಸಂಶಯದಿಂದಲೂ, ನಾನು ಬಂದ ಊರನ್ನೂ ಅಲ್ಲಿ ಈ ಕಾರಿಗೆ ಒಬ್ಬ ಒಡಹುಟ್ಟಿದವನಿದ್ದಾನೆಂಬ ಸಂಗತಿಯನ್ನೂ ಹೇಳಿದ ತರುವಾಯ ಅತ್ಯಂತ ವಿಶ್ವಾಸದಿಂದಲೂ ನೋಡಿ, ಬಾನೆಟ್ಟನ್ನು ಎತ್ತಿ ಇಂಜಿನನ್ನು ತೋರಿಸಿದನು. ಆತನ ಕಾರಿಗೆ ರಸ್ತೆತೆರಿಗೆ ಇಲ್ಲವಂತೆ. ನಲವತ್ತು ವರ್ಷ ದಾಟಿದ ವಾಹನವನ್ನು ಬ್ರಿಟನ್ನಿನ ಸರ್ಕಾರವು ಐತಿಹಾಸಿಕವೆಂದು ಪರಿಗಣಿಸಿ ತೆರಿಗೆಯಿಂದ ಬಿಡುಗಡೆ ಮಾಡುತ್ತದೆ. 2018ರಿಂದೀಚೆಗೆ ಅದಕ್ಕೆ ವರ್ಷವರ್ಷದ ಪರೀಕ್ಷೆಯ ಕಟ್ಟಳೆಯೂ ಇಲ್ಲ. ಚರ್ಚಿನ ಶಿಲ್ಪವನ್ನು ನಾನು ಆ ದಿನ ನೋಡಲಿಲ್ಲ. ಮಗಳು ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ.

ಪರದೇಶಕ್ಕೆ ಹೋದ ನಮ್ಮವರಲ್ಲಿ ವಾಹನಮೋಹಿಗಳು ಈಗ ಬಹಳ ಮಂದಿ ಇದ್ದಾರೆ. ದುಬೈಯಲ್ಲಿ ಫೆರಾರಿ, ಲ್ಯಾಂಬೊರ್ಗಿನಿಗಳ ಎದುರು ಫೋಟೋ ತೆಗೆಸಿಕೊಂಡು ಬಂದು, ಅವುಗಳ ಬೆಲೆಯನ್ನು ಕೋಟಿಯ ಲೆಕ್ಕದಲ್ಲಿ ವರದಿ ಮಾಡುವ ತರುಣರು ನಮ್ಮ ಬಂಧುವರ್ಗದಲ್ಲಿಯೇ ನಾಲ್ವರಿದ್ದಾರೆ. ಭಾನುವಾರದ ಮುಂಜಾವಿನಲ್ಲಿ ಹೆಬ್ಬಾಳದ ಮೇಲ್ಸೇತುವೆಯನ್ನಿಳಿದು ಯಲಹಂಕದ ಮೇಲೆ ನಂದಿಬೆಟ್ಟದತ್ತ ಗರ್ಜಿಸುತ್ತ ಹೋಗುವ ಕಾರು, ಬೈಕುಗಳಿಗಾಗಿ ಮೊಬೈಲನ್ನು ಹಿಡಿದು ಕಾದು ನಿಲ್ಲುವವರೂ ಅವರೇ. ಸೌಂದರ್ಯವನ್ನು ಕಂಡು ಮೆಚ್ಚುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಬೆಲೆಯನ್ನು ನೋಡುವ ಕಣ್ಣಿಗೂ ಬಂಧುತ್ವವನ್ನು ನೋಡುವ ಕಣ್ಣಿಗೂ ಅಂತರವುಂಟು. ಎರಡನೆಯ ಕಣ್ಣನ್ನು ತೆರೆದವನಿಗೆ ಪರದೇಶದ ಯಾವ ಬೀದಿಯೂ ಸಂಪೂರ್ಣವಾಗಿ ಪರಕೀಯವಾಗಿರಲಾರದು. ಇಂಡೋನೇಷ್ಯಾದಲ್ಲಿ ‘ಕಿಜಾಂಗ್’, ಎಂದರೆ ಜಿಂಕೆ, ಎಂದು ಕರೆಸಿಕೊಂಡು ಸಂಸಾರಗಳನ್ನು ಹೊತ್ತು ತಿರುಗುವ ಬಂಡಿಯನ್ನು ಕಂಡ ಬೆಂಗಳೂರಿಗನು, 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದು, ಕಾಲ್‌ಸೆಂಟರಿನ ಹುಡುಗ-ಹುಡುಗಿಯರನ್ನು ನಡುರಾತ್ರಿಯಲ್ಲಿ ಮನೆಮನೆಗೆ ತಲುಪಿಸಿದ, ಅದರದೇ ಒಡಹುಟ್ಟಾದ ಕ್ವಾಲಿಸನ್ನು ನೆನೆಯದಿರಲು ಸಾಧ್ಯವೇ? ಬಿಡದಿಯದೇ ಎಟಿಯೋಸ್, ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಟ್ಯಾಕ್ಸಿಯಾಗಿ ದುಡಿದಿರುವುದನ್ನು ನಾವು ಕಂಡಿದ್ದೇವಷ್ಟೆ. 2012ರಿಂದ ಅದು ಹಡಗನ್ನೇರಿ ದಕ್ಷಿಣ ಆಫ್ರಿಕಕ್ಕೂ ಹೋಯಿತು. ಪ್ರಾಗ್ ನಗರದಲ್ಲಿ ಒಂದು ಹಳೆಯ ಜಾವಾ ಬೈಕನ್ನು ಕಂಡ ಮೈಸೂರಿಗನಿಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಶಿಫ್ಟಿನ ಸೈರನ್ ಕೇಳಿಸುವುದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈ ಬಂಧುತ್ವವು ಒಂದೇ ದಿಕ್ಕಿನದಲ್ಲ. ದೇವನಹಳ್ಳಿಯ ನಿಲ್ದಾಣ ತೆರೆದ 2008ರ ವರ್ಷವೇ ನಾನು ಮೊದಲ ಸಲ ಲಂಡನ್ನನ್ನು ನೋಡಿದ್ದು. ಆ ಮಹಾನಗರದ ನಡುವಿನ ಒಂದು ಶ್ರೀಮಂತ ಬೀದಿಯಲ್ಲಿ, ರೋಲ್ಸ್ ರಾಯ್ಸೊಂದರ ಹಿಂದೆ, ಎರಡು ಮೀಟರು ಅರವತ್ತು ಸೆಂಟಿಮೀಟರಿನಷ್ಟು ಮಾತ್ರವೇ ಉದ್ದವಾದ, ಕರೆಂಟಿನ ವೈರನ್ನು ಬಾಲದಂತೆ ಎಳೆದುಕೊಂಡು ನಿಂತಿದ್ದ ಕಾರು ನಮ್ಮ ರೇವಾ ಎಂಬುದನ್ನು ಅರಿತಾಗ ಉಂಟಾದ ಪುಲಕವನ್ನು ವರ್ಣಿಸುವುದು ಕಷ್ಟ. ಅಲ್ಲಿ ಅದರ ಹೆಸರು ಜಿ-ವಿಜ್. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳೊಡನೆ ಸೂರ್ಯಶಕ್ತಿಯ ಕಾರನ್ನು ಕಟ್ಟಿ 1990ರ ಪಂದ್ಯವನ್ನು ಗೆದ್ದ ತಂಡದಲ್ಲಿದ್ದ ಚೇತನ್ ಮೈನಿಯವರು, ಬೊಮ್ಮಸಂದ್ರದಲ್ಲಿ ಅದನ್ನು ತಯಾರಿಸಿ 2001ರಲ್ಲಿ ಮಾರಾಟಕ್ಕೆ ತಂದರು. ನಮ್ಮೂರಿನಲ್ಲಿ ಅದು ಕುತೂಹಲದ ವಸ್ತುವಾಗಿ ಉಳಿಯಿತು. ಲಂಡನ್ನಿನಲ್ಲಿಯಾದರೋ, 2003ರ ಫೆಬ್ರುವರಿಯಿಂದ ನಗರದ ಮಧ್ಯಭಾಗವನ್ನು ಪ್ರವೇಶಿಸುವ ಕಾರುಗಳಿಗೆ ದಿನವೊಂದಕ್ಕೆ ಐದು ಪೌಂಡಿನ ಸುಂಕವನ್ನು ವಿಧಿಸಿ, ವಿದ್ಯುತ್ತಿನ ವಾಹನಗಳಿಗೆ ಅದರಿಂದ ವಿನಾಯಿತಿಯನ್ನು ಕೊಟ್ಟುದರಿಂದ, ಲೆಕ್ಕಾಚಾರ ಬಲ್ಲ ಲಂಡನ್ನಿಗರು ಅದನ್ನು ಕೊಂಡರು. ಅಲ್ಲಿನ ಟಿ.ವಿ.ಯವರು ಅದನ್ನು ಗೇಲಿ ಮಾಡಿದ್ದೂ ನಿಜ, ಯೂರೋಪಿನ ಕಾನೂನು ಅದನ್ನು ಪೂರ್ಣಪ್ರಮಾಣದ ಕಾರೆಂದು ಒಪ್ಪದೆ ‘ಕ್ವಾಡ್ರಿಸೈಕಲ್’ ಎಂಬ ಕೆಳಗಿನ ಪಂಕ್ತಿಯಲ್ಲಿ ಕೂರಿಸಿದ್ದೂ ನಿಜ. ಆದರೂ, ಇಂದು ಬಳ್ಳಾರಿ ರಸ್ತೆಯಲ್ಲಿ ಹಸಿರು ನಂಬರ್‌ಪ್ಲೇಟಿನ ಕಾರುಗಳು ಸಾಲುಸಾಲಾಗಿ ಹೋಗುವುದನ್ನು ನೋಡುವಾಗ, ಆ ಪುಟ್ಟ ಬಂಡಿಯನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದು ನೆನಪಾಗಿ ಮುಜುಗರವಾಗುತ್ತದೆ.

ಪರದೇಶದ ವಾಹನಗಳನ್ನು ನೋಡಲೆಂದೇ ಪ್ರಯಾಣ ಹೊರಟ ಕನ್ನಡಿಗರಲ್ಲಿ ಅಗ್ರಗಣ್ಯರು ಸರ್ ಎಂ. ವಿಶ್ವೇಶ್ವರಯ್ಯನವರು. ಹೆಬ್ಬಾಳ, ಯಲಹಂಕಗಳನ್ನು ದಾಟಿ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿಯೇ ಅವರ ಮುದ್ದೇನಹಳ್ಳಿಗೂ ತಿರುಗಬೇಕು. ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಸುತ್ತಿದರು. ಕಾರಿನ ಹೊಳಪು ಅವರ ಕಣ್ಣಿಗೆ ಬಿದ್ದಿತೋ ಇಲ್ಲವೋ ಕಾಣೆ, ಅವರು ಹೊತ್ತು ತಂದದ್ದು ಭಾರತದಲ್ಲಿಯೇ ಕಾರನ್ನು ತಯಾರಿಸುವ ಯೋಜನೆಯನ್ನು. ಮುಂಬಯಿ ಸರ್ಕಾರದ ಬಳಿ ಅದು ಫಲಿಸದಿರಲು, ಉದ್ಯಮಿ ವಾಲಚಂದ್ ಹೀರಾಚಂದರೊಡಗೂಡಿ ಮೈಸೂರು ಸಂಸ್ಥಾನದ ನೆರವನ್ನು ಪಡೆಯಲು ಯತ್ನಿಸಿದರು. ಸಂಸ್ಥಾನವು ಒಪ್ಪಿದರೂ ಬ್ರಿಟಿಷ್ ಭಾರತ ಸರ್ಕಾರವು ಅನುಮತಿಯನ್ನು ಕೊಡಲಿಲ್ಲ. ವಾಲಚಂದರ ಮೋಟಾರು ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಬೆಂಗಳೂರಿಗೆ ಅವರಿಂದ ಸಂದದ್ದು 1940ರ ಡಿಸೆಂಬರಿನಲ್ಲಿ ಆರಂಭವಾದ ವಿಮಾನದ ಕಾರ್ಖಾನೆ. ಯುದ್ಧಕಾಲಕ್ಕೆ ವಿಮಾನ ಬೇಕಿತ್ತು, ಕಾರು ಬೇಡವಾಗಿತ್ತು. ಯಲಹಂಕದ ಆಕಾಶದಲ್ಲಿ ವಿಮಾನಗಳ ಕಸರತ್ತನ್ನು ನೋಡುತ್ತ ನಿಂತಾಗಲೆಲ್ಲ ಈ ಲೆಕ್ಕ ನನ್ನ ತಲೆಯಲ್ಲಿ ಸುಳಿಯುವುದುಂಟು.

ಇಷ್ಟಾಗಿ, ನಮ್ಮಲ್ಲಿಯೇ ಹುಟ್ಟಿದ ಈ ಬಂಡಿಗಳನ್ನು ನಾವು ನಡೆಸಿಕೊಳ್ಳುವ ಬಗೆ ಹೇಗಿದೆ? ಹದಿನೈದು ವರ್ಷ ತುಂಬಿದ ಕಾರಿನ ಆರ್‌ಸಿಯನ್ನು ನವೀಕರಿಸಲು ಹಿಂದೆ 600 ರೂಪಾಯಿ ಶುಲ್ಕವಿತ್ತು. 2022ರ ಏಪ್ರಿಲಿನಿಂದ ಅದು 5,000ಕ್ಕೆ ಏರಿತು. ಹಳೆಯದನ್ನು ಗುಜರಿಗೆ ಹಾಕಿಸಿ ಗಾಳಿಯನ್ನು ಶುದ್ಧಗೊಳಿಸಬೇಕೆಂಬ ಉದ್ದೇಶವು ಸ್ತುತ್ಯವೇ. ಯಶವಂತಪುರದ ಮಾರುಕಟ್ಟೆಯ ಲಾರಿಗಳ ಹೊಗೆಯನ್ನು ಕುಡಿದವನು ಅದನ್ನು ವಿರೋಧಿಸಲಾರನು. ಇನ್ನೊಂದು ಕಡೆ, 2021ರಲ್ಲಿ ಹೊರಟ ಕೇಂದ್ರದ ನಿಯಮವು ಐವತ್ತು ವರ್ಷ ದಾಟಿದ, ಮೂಲರೂಪವನ್ನು ಕೆಡಿಸದ ವಾಹನಕ್ಕೆ ‘ವಿಂಟೇಜ್’ ಎಂಬ ಪದವಿಯನ್ನೂ ಪ್ರತ್ಯೇಕವಾದ ನಂಬರನ್ನೂ ದಯಪಾಲಿಸಿ, ದಿನನಿತ್ಯದ ಓಡಾಟಕ್ಕಲ್ಲದೆ ಪ್ರದರ್ಶನಕ್ಕೂ ರ‍್ಯಾಲಿಗೂ ಮಾತ್ರ ಅದು ರಸ್ತೆಗಿಳಿಯಬಹುದೆಂದಿತು. ಹದಿನೈದಕ್ಕೆ ಮುದಿಯಾದದ್ದು ಐವತ್ತಕ್ಕೆ ಪೂಜ್ಯವಾಗುವುದಾದರೆ, ನಡುವಣ ಮೂವತ್ತೈದು ವರ್ಷ ಅದು ಯಾರ ಮನೆಯ ಜಗಲಿಯಲ್ಲಿ ಕೂತಿರಬೇಕು? ಮಹಾರಾಜರ ಕಾಲದ ವಿಲಾಯತಿ ಕಾರುಗಳಿಗೆ ಗ್ಯಾರೇಜೂ ಇತ್ತು, ಒರಸುವ ಆಳೂ ಇದ್ದ. ಉಪಾಧ್ಯಾಯರ ಡಾಲ್ಫಿನ್ನಿಗೆ ಅಂಥ ಭಾಗ್ಯವೆಲ್ಲಿಯದು? ಅವರು ತೀರಿಕೊಂಡ ಮೇಲೆ ಮಕ್ಕಳು ಅದನ್ನು ಗುಜರಿಗೆ ಹಾಕಿದರು. ತಗಡಿಲ್ಲದ ಮೈಯಾದ್ದರಿಂದ ತೂಕಕ್ಕೂ ಸರಿಯಾದ ಬೆಲೆ ಬರಲಿಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಮೂವತ್ತು ವರ್ಷ ಕಳೆದ ವಾಹನವನ್ನೇ ಐತಿಹಾಸಿಕವೆನ್ನುತ್ತದೆ. ಕರ್ನಾಟಕದಲ್ಲಿ ತಯಾರಾದ, ಮೂವತ್ತು ವರ್ಷ ದಾಟಿದ, ವರ್ಷದಲ್ಲಿ ಇಷ್ಟೇ ಕಿಲೋಮೀಟರೆಂದು ಮಿತಿಗೊಳಪಟ್ಟ ಬಾದಲ್, ಡಾಲ್ಫಿನ್, ಐಡಿಯಲ್ ಜಾವಾದ ಯೆಜ್ಡಿಗಳಿಗೆ ನಮ್ಮ ರಾಜ್ಯ ಸರ್ಕಾರವು ತನ್ನ ತೆರಿಗೆಯಲ್ಲಿ ರಿಯಾಯಿತಿಯನ್ನು ಕೊಟ್ಟು, ಆರ್‌ಟಿಒ ಕಚೇರಿಯಲ್ಲಿ ಅವುಗಳಿಗೊಂದು ಪ್ರತ್ಯೇಕ ವಹಿಯನ್ನು ತೆರೆದರೆ ಬೊಕ್ಕಸಕ್ಕೆ ಬರುವ ನಷ್ಟ ಎಷ್ಟಾದೀತು? ಒಂದು ಸಚಿವಾಲಯದ ಕಾಫಿಯ ಖರ್ಚನ್ನು ಅದು ಮೀರಲಾರದೆಂದು ನನ್ನ ಭಾವನೆ.

ಮತ್ತಿಕೆರೆಯ ಹಿಂಬದಿಯ ಒಂದು ಗ್ಯಾರೇಜಿನಲ್ಲಿ, ಟೈರುಗಳ ರಾಶಿಯ ಹಿಂದೆ, ಇನ್ನೊಂದು ಡಾಲ್ಫಿನ್ ನಿಂತಿರುವುದನ್ನು ಹೋದ ತಿಂಗಳು ಕಂಡೆನು. ಬಣ್ಣ ಬಿಸಿಲಿಗೆ ಸುಣ್ಣದ ಪುಡಿಯಂತಾಗಿತ್ತು, ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಯಿಟ್ಟಿತ್ತು, ಮೈಯೇನೋ ಅಖಂಡವಾಗಿತ್ತು. ಫೋಟೋ ತೆಗೆದು ಇಂಗ್ಲೆಂಡಿನ ವೃದ್ಧನಿಗೆ ಕಳುಹಿಸಿದೆನು. ಆತನು ಮರುದಿನವೇ, ಹಿಂದಿನ ದೀಪದ ಕವಚವನ್ನು ಕೊಡುವರೇ, ತಾನು ಬಹುಕಾಲದಿಂದ ಅರಸುತ್ತಿರುವೆನೆಂದು ಬರೆದನು. ನಾನು ಗ್ಯಾರೇಜಿಗೆ ಹೋಗಿ ಆ ಮಾತನ್ನು ಎತ್ತಿದಾಗ ಮೆಕ್ಯಾನಿಕ್ಕನು ಕೈಯ ಗ್ರೀಸನ್ನು ಒರಸಿಕೊಳ್ಳುತ್ತ, ‘ದೀಪ ಕೊಡಕ್ಕಾಗಲ್ಲ ಸಾರ್, ಇದನ್ನ ನಾನೇ ರೆಡಿ ಮಾಡಿ ಓಡಿಸ್ಬೇಕು ಅಂತಿದೀನಿ’ ಎಂದನು. ಎಫ್‌ಸಿ ಎಂದೋ ಮುಗಿದಿದೆಯಲ್ಲಪ್ಪ ಎಂದರೆ, ಮಾಡೆಲ್ 1984, ಐವತ್ತಾಗಲು ಎಷ್ಟು ವರ್ಷ ಬೇಕೆಂದು ಬೆರಳಿನಲ್ಲಿ ಎಣಿಸಿ, ‘34ರ ತನಕ ತಾನೇ ಸಾರ್? ಒಂದು ಒಳ್ಳೆ ಟಾರ್ಪಾಲು ಹೊದಿಸಿದ್ರೆ ಆಯ್ತು’ ಎಂದು ಕೋಳಿಯನ್ನು ಅಟ್ಟಲು ಒಳಕ್ಕೆ ಬಗ್ಗಿದನು.