ಈ ಗುಂಡಿ ಯಾರದ್ದು?

ಮುಂಬಯಿಯ ಬಾಂದ್ರಾದಿಂದ ದಹಿಸರ್‌ವರೆಗಿನ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೊದಲು ಲೋಕೋಪಯೋಗಿ ಇಲಾಖೆಯದಾಗಿತ್ತು, ಆಮೇಲೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಎಂಎಂಆರ್‌ಡಿಎ) ಕೈಗೆ ಹೋಯಿತು. ಅದನ್ನು ಮಹಾನಗರಪಾಲಿಕೆಗೆ ಒಪ್ಪಿಸುವ ನಿರ್ಧಾರವಾದದ್ದು 2022ರ ಕೊನೆಗೆ. ಗೋರೆಗಾಂವ್‌ನಲ್ಲಿ ಸಣ್ಣ ಹೋಟೆಲು ನಡೆಸುವ ನಾನು ಮಳೆಗಾಲದಲ್ಲಿ ಗುಂಡಿಯ ದೂರು ಹಿಡಿದು ಹೋದರೆ, ಒಂದು ಕಚೇರಿಯವರು ಇನ್ನೊಂದರತ್ತ ಕೈ ತೋರಿಸಿದರು. ನಮ್ಮ ಹಾಲಿನ ಹುಡುಗ ಅದೇ ಗುಂಡಿಯಲ್ಲಿ ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡ. ನನಗೆ ಇವತ್ತಿಗೂ ಸಿಟ್ಟಿದೆ.

ಸಾರ್ವಜನಿಕ ಬೀದಿಗಳ ನಿರ್ವಹಣೆ ಪಾಲಿಕೆಯ ಕಡ್ಡಾಯ ಕೆಲಸವೆಂದು 1888ರ ಮುಂಬಯಿ ಪಾಲಿಕೆ ಕಾಯ್ದೆಯ 61ನೇ ಕಲಮು ಹೇಳುತ್ತದೆ. ಆದರೆ ಈ ಊರಿನ ರಸ್ತೆಗಳೆಲ್ಲ ಪಾಲಿಕೆಯ ಕೈಯಲ್ಲೇ ಇಲ್ಲ. ಅದರ ಮೇಲೆ, 2022ರ ಮಾರ್ಚ್‌ನಲ್ಲಿ ನಗರಸೇವಕರ ಅವಧಿ ಮುಗಿದ ಮೇಲೆ ಹಲವು ಮಳೆಗಾಲ ಆಯುಕ್ತರೇ ಆಡಳಿತಗಾರರು. ವಾರ್ಡಿನಲ್ಲಿ ನಾವು ಹೋಗಿ ಕೇಳಬಹುದಾದ, ನಮ್ಮ ಓಟಿಗೆ ಉತ್ತರಿಸಬೇಕಾದ ಒಬ್ಬರೂ ಇರಲಿಲ್ಲ.

ಕೊನೆಗೆ ಮಾತಾಡಿದ್ದು ನ್ಯಾಯಾಲಯ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟು, ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ, ಗಾಯಾಳುಗಳಿಗೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಆ ಹಣವನ್ನು ತಪ್ಪಿತಸ್ಥ ಅಧಿಕಾರಿ, ಗುತ್ತಿಗೆದಾರರಿಂದ ವಸೂಲು ಮಾಡಬೇಕೆಂದೂ ಹೇಳಿತು. ಒಳ್ಳೆಯದೇ. ಆದರೆ ಪರಿಹಾರ ಬರುವುದು ಬಿದ್ದ ಮೇಲೆ.

ವಿಧಾನಸಭೆ ಮನಸ್ಸು ಮಾಡಿದರೆ ಕಾಯ್ದೆಗೆ ಒಂದು ತಿದ್ದುಪಡಿ ಸಾಕು: ಪ್ರತಿ ರಸ್ತೆಗೂ ಒಬ್ಬ ಹೊಣೆಗಾರ ಎಂಜಿನಿಯರ್. ಅವರ ಹೆಸರು, ಗುತ್ತಿಗೆದಾರನ ಹೆಸರು, ರಿಪೇರಿಯ ಗ್ಯಾರಂಟಿ ಮುಗಿಯುವ ದಿನ, ಮೂರನ್ನೂ ರಸ್ತೆಬದಿಯ ಫಲಕದಲ್ಲಿ ಮರಾಠಿಯಲ್ಲಿ ದಪ್ಪಕ್ಷರದಲ್ಲಿ ಬರೆಸಲಿ. ಮುಂದಿನ ಮಳೆಗಾಲಕ್ಕೆ ಮುಂಚೆಯೇ.